ಸಂತೋಷವಾದರೆ ನನ್ನ ಕೈ ಹಿಡಿದುಕೊಳ್ಳಿ

ಆಗ ನನಗೆ ಇಪ್ಪತ್ತಾರು ವಯಸ್ಸು. ಇದು ನಡೆದು ಐವತ್ತೆಂಟು ವರ್ಷವಾಯಿತು. ನಾನು ಓದಿದ್ದು ಎರಡನೇ ಕ್ಲಾಸು, ಅದರಲ್ಲಿಯೂ ಮುಕ್ಕಾಲು ಪಾಲು ಎಮ್ಮೆಯ ಹಿಂದೆ. ಅಕ್ಷರ ತಪ್ಪಿದ್ದರೆ ಓದುವವರೇ ತಿದ್ದಿಕೊಳ್ಳಿ. ಅವತ್ತು ನಾನು ಮಾಡಿದ್ದನ್ನು ಮಾತ್ರ ಯಾರಿಂದಲೂ ತಿದ್ದಲಾಗಲಿಲ್ಲ.

ನನ್ನ ನಾದಿನಿ ಸರೋಜಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಮನೆಯಲ್ಲಿ ಎಲ್ಲರಿಗೂ ಒಂದೇ ಚಿಂತೆ. ಹೆಣ್ಣಿನ ಬಗ್ಗೆ ಅಲ್ಲ, ನನ್ನ ಬಗ್ಗೆ!

"ನನ್ನಿಂದ ಏನೂ ಕೆಡಲ್ಲ ಅತ್ತೆ. ನಾನೇನು ಚಿಕ್ಕ ಮಗುನಾ?" ಎಂದೆ.

"ಚಿಕ್ಕ ಮಗು ಆಗಿದ್ದಿದ್ರೆ ತೊಟ್ಟಿಲಿಗೆ ಹಾಕಿ ಕಟ್ಟಿಬಿಡ್ತಿದ್ದೆ ಕಣೇ" ಎಂದರು ನಮ್ಮತ್ತೆ.

ಅವರ ಮಾತಿಗೆ ಕಾರಣವಿತ್ತು. ನಾವು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರು. ಗೂಡನ್ನು ಕುದಿಯುವ ನೀರಿನ ಬಾಂಡ್ಲಿಗೆ ಹಾಕಿ, ಎಳೆಯ ತುದಿ ಹುಡುಕಿ, ಕೆಲವು ಗೂಡುಗಳ ಎಳೆ ಒಟ್ಟು ಸೇರಿಸಿ, ಸಣ್ಣ ತೂತಿನಲ್ಲಿ ತೂರಿಸಿ ಚರಕಕ್ಕೆ ಕೊಡುವುದು ನನ್ನ ಕೆಲಸ. ಚರಕ ತಿರುಗಿಸುವುದು ನಮ್ಮ ಯಜಮಾನರ ಕೆಲಸ. ಒಂದು ಗೂಡು ಮುಗಿಯುತ್ತಿದ್ದ ಹಾಗೆ ಇನ್ನೊಂದರ ಎಳೆಯನ್ನು ಎಸೆದು ಹಚ್ಚಬೇಕು. ಯೋಚನೆ ಮಾಡಿ ಹಚ್ಚುತ್ತೇನೆ ಎಂದವಳ ನೂಲು ತೆಳ್ಳಗಾಗಿ ಕಿತ್ತುಹೋಗುತ್ತದೆ. ಕಣ್ಣು ಕಾಣಬೇಕು, ಕೈ ಹೋಗಬೇಕು. ನಡುವೆ ತಲೆಗೆ ಏನೂ ಕೆಲಸವಿಲ್ಲ. ನನ್ನ ತಲೆಗೆ ಈ ಏರ್ಪಾಟು ಬಹಳ ಒಗ್ಗಿತು.

ಆದರೆ ಕೈಗೆ ಹೀಗೆ ರೂಢಿಯಾದರೆ ಒಂದು ತೊಂದರೆ. ಬಾಂಡ್ಲಿ ಬಿಟ್ಟು ಎದ್ದರೂ ಅದು ಕೆಲಸ ಬಿಡುವುದಿಲ್ಲ. ಒಮ್ಮೆ ನನ್ನ ತಮ್ಮನಿಗೆ ಗಂಡು ಮಗು ಹುಟ್ಟಿತೆಂದು ಚಿಂತಾಮಣಿಗೆ ಹೋಗಿ ಬರುತ್ತಿದ್ದೆ. ಬಹಳ ಸಂತೋಷವಾಗಿತ್ತು. ಬಸ್ಸಿನಲ್ಲಿ ಮುಂದಿನ ಸೀಟಿನ ಹಿರಿಯರೊಬ್ಬರು ಉಣ್ಣೆಯಲ್ಲಿ ಹೆಣೆದ ಮಫ್ಲರ್ ಸುತ್ತಿಕೊಂಡಿದ್ದರು. ಅದರ ತುದಿ ಬೆನ್ನ ಮೇಲೆ ಇಳಿಬಿದ್ದಿತ್ತು, ಒಂದು ಎಳೆ ಹೊರಗೆ ಬಂದಿತ್ತು. ನಾನು ಕಿಟಕಿಯಾಚೆ ನೋಡುತ್ತಾ ಮಗುವಿನ ಮೂಗು ಯಾರ ಹಾಗಿದೆ ಎಂದು ಯೋಚಿಸುತ್ತಿದ್ದೆ. ಶಿಡ್ಲಘಟ್ಟ ಬಂತು. ನೋಡುತ್ತೇನೆ, ನನ್ನ ಮಡಿಲಲ್ಲಿ ಒಂದು ದಪ್ಪ ಉಂಡೆ ಉಣ್ಣೆ. ಹಿರಿಯರ ಕತ್ತಿನಲ್ಲಿ ಉಳಿದದ್ದು ಗೇಣುದ್ದ!

"ಏನಮ್ಮಾ ಇದು?" ಎಂದರು ಅವರು.

"ನಿಮ್ಮದೇ ಸ್ವಾಮಿ" ಎಂದು ಉಂಡೆಯನ್ನು ಕೈಗೆ ಕೊಟ್ಟು ಇಳಿದುಬಿಟ್ಟೆ. ಇನ್ನೇನು ಹೇಳುವುದು!

ಇದರ ಮರ್ಮವನ್ನು ಕಂಡುಹಿಡಿದವರು ನಮ್ಮ ಯಜಮಾನರು. ಅವರು ಹೆಚ್ಚು ಮಾತಿನವರಲ್ಲ. ದಿನವೆಲ್ಲ ಚರಕ ತಿರುಗಿಸುತ್ತಾ ನನ್ನ ಕೈಯನ್ನೇ ನೋಡಿದವರು. ಮುಖ ನೋಡಿದ್ದು ಕಡಿಮೆ.

"ನೀನು ಅಳ್ತಿರುವಾಗ, ಸಿಟ್ಟಲ್ಲಿರುವಾಗ, ಹೆದರಿರುವಾಗ ನಿನ್ನ ಕೈ ನಿನ್ನ ಮಾತು ಕೇಳುತ್ತೆ ಕಣೇ. ಖುಷಿಯಾದ್ರೆ ಮುಗೀತು. ನೀನು ಒಂದು ಕಡೆ, ಕೈ ಒಂದು ಕಡೆ" ಎಂದರು.

ಯೋಚಿಸಿ ನೋಡಿದೆ. ನಿಜ. ನಮ್ಮಪ್ಪ ತೀರಿಕೊಂಡಾಗ ಹರಿದ ಚಾಪೆಯ ಮೇಲೆ ಕೂತು ಕರ್ಮಾಂತರ ಮುಗಿಸಿದೆ, ಒಂದು ಎಳೆ ಮುಟ್ಟಲಿಲ್ಲ. ಅತ್ತೆ ಬೈದ ದಿನಗಳಲ್ಲಿ, ಅಂದರೆ ಹೆಚ್ಚುಕಡಿಮೆ ಎಲ್ಲ ದಿನಗಳಲ್ಲಿ, ನನ್ನಷ್ಟು ಅಚ್ಚುಕಟ್ಟಾದ ಹೆಂಗಸು ಬೀದಿಯಲ್ಲಿ ಇರಲಿಲ್ಲ. ಕಷ್ಟದಲ್ಲಿರುವವಳು ತನ್ನನ್ನು ತಾನೇ ಕಾಯುತ್ತಿರುತ್ತಾಳೆ. ಸಂತೋಷ ಬಂದರೆ ಕಾವಲಿನವನಿಗೂ ರಜೆ.

ಈಗ ಗಂಡಿನ ಕಡೆಯವರ ವಿಷಯ. ಗೌರಿಬಿದನೂರು ಪಕ್ಕದ ಹಳ್ಳಿಯವರು. ಹೊಲ, ಬಾವಿ, ಬಾವಿಗೆ ಪಂಪ್‌ಸೆಟ್ಟು. ಗಂಡಿನ ತಾಯಿ ಅಶ್ವತ್ಥಮ್ಮ ಒಂದು ಶಾಸನ ಹೊರಡಿಸಿದ್ದರು: ಹುಳ ಬೇಯಿಸುವ ಮನೆಯಿಂದ ಹೆಣ್ಣು ತರುವುದಿಲ್ಲ. ಹಿಪ್ಪುನೇರಳೆ ಬೆಳೆಯುವವರಾದರೆ ಆಗಬಹುದು, ಹುಳ ಸಾಕುವವರಾದರೂ ಆಗಬಹುದು. ಗೂಡು ಕುದಿಯುವ ನೀರಿಗೆ ಹಾಕುವವರಾದರೆ ಪಾಪ, ಮೇಲೆ ವಾಸನೆ. ಇದೇ ಕಾರಣಕ್ಕೆ ಸರೋಜಳಿಗೆ ಮೊದಲೇ ಒಂದೆರಡು ಸಂಬಂಧ ಮುರಿದಿತ್ತು. ಈ ಗಂಡನ್ನು ಅವಳು ಚಿಕ್ಕಬಳ್ಳಾಪುರದ ಒಂದು ಮದುವೆಯಲ್ಲಿ ನೋಡಿ ಒಪ್ಪಿಕೊಂಡುಬಿಟ್ಟಿದ್ದಳು. ಇದೂ ತಪ್ಪಿದರೆ ಇನ್ನು ಯಾರ ಮುಂದೆಯೂ ಬಂದು ಕೂರುವುದಿಲ್ಲ ಎಂದು ಹಟ ಹಿಡಿದು ಊಟ ಬಿಟ್ಟಳು. ಸಾಯಂಕಾಲದವರೆಗೆ.

ಹಾಗಾಗಿ ನಮ್ಮತ್ತೆ ಒಂದು ಉಪಾಯ ಮಾಡಿದರು. ಹೆಣ್ಣು ನೋಡುವ ಶಾಸ್ತ್ರ ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ಬೇಡ, ಮೇಲೂರಿನಲ್ಲಿ ಅವರ ಅಣ್ಣನ ಮನೆಯಲ್ಲಿ ಆಗಲಿ. ಅಲ್ಲಿ ಹಿಪ್ಪುನೇರಳೆ ತೋಟವಿತ್ತು, ಹುಳದ ತಟ್ಟೆಗಳಿದ್ದವು, ಬಾಂಡ್ಲಿ ಇರಲಿಲ್ಲ. "ಕೇಳಿದ್ರೆ ಮಾತ್ರ ಹೇಳಣ. ಕೇಳ್ದಿದ್ರೆ ನಾವೇ ಯಾಕೆ ಬಾಯಿ ಬಿಡೋದು?" ಎಂದರು. ಅವರ ಮಟ್ಟಿಗೆ ಇದು ಸುಳ್ಳಲ್ಲ.

ಉಳಿದದ್ದು ನನ್ನ ಕೈ. ಬಿಸಿನೀರಿನಲ್ಲಿ ನೆನೆದು ನೆನೆದು ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ನೋಡಿದವರಿಗೆ ಕಸುಬು ಗೊತ್ತಾಗುತ್ತಿತ್ತು. ಹುಣಸೇಹಣ್ಣು, ಸೀಗೆಪುಡಿ, ನಿಂಬೆಹಣ್ಣು, ಎಲ್ಲದರಲ್ಲಿಯೂ ಉಜ್ಜಿದೆ. ವಾಸನೆ ಹೋಯಿತು, ಅಡುಗೆಮನೆಯಲ್ಲಿ ಸಾರಿಗೆಂದು ಇಟ್ಟಿದ್ದ ಹುಣಸೇಹಣ್ಣೂ ಹೋಯಿತು. ಕೊನೆಗೆ ಪಕ್ಕದ ಮನೆಯ ಖುರ್ಷಿದ್‌ಬಿಯ ಬಳಿ ಹೋದೆ. ಅವಳೂ ನೂಲು ಬಿಚ್ಚುವವಳೇ. ಮೆಹಂದಿ ಅರೆದು ನನ್ನ ಬೆರಳ ತುದಿಗಳಿಗೆಲ್ಲ ಮೆತ್ತಿದಳು.

"ಮದುವೆಗೆ ಹಚ್ಚಿದೀನಿ, ಹಬ್ಬಕ್ಕೆ ಹಚ್ಚಿದೀನಿ. ಕಳ್ಳತನ ಮುಚ್ಚೋಕೆ ಹಚ್ಚೋದು ಇದೇ ಮೊದಲು ಪಿಳ್ಳಮ್ಮ" ಎಂದು ನಕ್ಕಳು.

"ಬಣ್ಣ ಚೆನ್ನಾಗಿ ಕೂತಿದೆ ಬಿಡು. ಇನ್ನು ಭಯವಿಲ್ಲ" ಎಂದೆ.

"ಬಣ್ಣ ಕೂತರೆ ಆಯ್ತಾ? ಕೈ ಕೂರಬೇಕಲ್ಲ!"

ಅದಕ್ಕೂ ಮನೆಯಲ್ಲಿ ಸಭೆ ಸೇರಿತು. ನಾನೂ ಇದ್ದೆ, ನನ್ನನ್ನು ಯಾರೂ ಕೇಳಲಿಲ್ಲ. ನಮ್ಮ ಯಜಮಾನರು ತಮ್ಮ ತಾಯಿಗೆ ಹೇಳಿದರು: "ಅಮ್ಮ, ಅವತ್ತು ಪೂರ್ತಿ ಇವಳನ್ನ ಸಂತೋಷವಾಗಿರೋಕೆ ಬಿಡಬಾರದು. ಅಷ್ಟೇ ದಾರಿ."

ಅತ್ತೆ ಸೆರಗು ಸರಿಮಾಡಿಕೊಂಡರು. ಮುಖದಲ್ಲಿ ಒಂದು ಕಳೆ ಬಂತು. "ಅದನ್ನ ನನಗೆ ಬಿಡಪ್ಪ" ಎಂದರು.

ಒಬ್ಬ ಮನುಷ್ಯನಿಗೆ ತನಗೆ ತಿಳಿದ ಕಸುಬನ್ನೇ ವಹಿಸಿಕೊಟ್ಟರೆ ಎಷ್ಟು ಆನಂದವಾಗುತ್ತದೆ ಎಂದು ಅವತ್ತು ನೋಡಿದೆ.

ಆ ದಿನ ಮೇಲೂರಿಗೆ ಎತ್ತಿನ ಗಾಡಿಯಲ್ಲಿ ಹೊರಟೆವು. ಗಾಡಿ ಬೀದಿ ದಾಟುವುದರೊಳಗೆ ಅತ್ತೆ ನನ್ನ ಸೀರೆಯ ಬಣ್ಣದಿಂದ ಶುರುಮಾಡಿದರು. ಅಲ್ಲಿಂದ ನನ್ನ ನಡಿಗೆ, ನನ್ನ ಮುದ್ದೆಯೊಳಗಿನ ಗಂಟು, ನನ್ನ ತೌರುಮನೆಯ ಸೋರುವ ಮಾಳಿಗೆ.

"ನಿಮ್ಮಪ್ಪ ಮದುವೇಲಿ ಕೊಟ್ಟ ಹಿತ್ತಾಳೆ ಚೊಂಬು ಇದೆಯಲ್ಲ, ಅದು ನಿಲ್ಲಿಸಿದ್ರೆ ನಿಲ್ಲಲ್ಲ. ನಿಮ್ಮ ಮನೆಯವರ ಮಾತಿನ ಹಾಗೆ!"

ನನಗೆ ಒಳಗೊಳಗೇ ಕುದಿಯಿತು. ಕೈಗಳು ಮಡಿಲಲ್ಲಿ ಎರಡು ಕಲ್ಲಿನ ಹಾಗೆ ಕೂತಿದ್ದವು. ಗಾಡಿಯ ಚಾಪೆಯಿಂದ ಜಂಬುಹುಲ್ಲಿನ ಎಳೆಗಳು ಎಷ್ಟೋ ಹೊರಗೆ ಬಂದಿದ್ದವು, ಒಂದನ್ನೂ ಮುಟ್ಟಲಿಲ್ಲ. ಯಜಮಾನರು ತಿರುಗಿ ನನ್ನ ಕೈ ನೋಡಿ, "ಚೆನ್ನಾಗಿ ನಡೀತಿದೆ ಅಮ್ಮ, ಮುಂದುವರಿಸು" ಎಂದರು.

ಮೇಲೂರಿನಲ್ಲಿ ನನ್ನನ್ನು ಹಿತ್ತಿಲ ಜಗಲಿಗೆ ಹಾಕಿದರು. ಬಂದವರಿಗೆ ಒತ್ತು ಶ್ಯಾವಿಗೆ, ಕಾಯಿಹಾಲು. ಅಕ್ಕಿಹಿಟ್ಟಿನ ಉಂಡೆಗಳನ್ನು ದೊಡ್ಡ ಪಾತ್ರೆಯಲ್ಲಿ ಕುದಿಸಿ, ಬಿಸಿಯಿರುವಾಗಲೇ ಕಬ್ಬಿಣದ ಒರಳಿಗೆ ತುಂಬಿ, ಮೇಲಿನ ಹಿಡಿ ತಿರುಗಿಸಿದರೆ ಕೆಳಗೆ ಶ್ಯಾವಿಗೆ ಎಳೆಎಳೆಯಾಗಿ ಇಳಿಯುತ್ತದೆ. ಹಿಡಿ ತಿರುಗಿಸಲು ಯಜಮಾನರನ್ನೇ ಕೂರಿಸಿದರು. ಬಂದವರಿಗೆ ನಮಸ್ಕಾರ ಹೇಳಿ ಆದ ತಕ್ಷಣ ಅವರನ್ನು ಹಿಂದಕ್ಕೆ ಕಳಿಸುವುದೆಂದು ತೀರ್ಮಾನವಾಗಿತ್ತು. ಯಾಕೆಂದರೆ ಯಾರಾದರೂ "ಏನ್ ಕೆಲಸ ಮಾಡ್ತೀರಪ್ಪಾ?" ಎಂದು ಕೇಳಿದರೆ ಅವರು ಹೇಳಿಬಿಡುತ್ತಾರೆ. ಮುಂದೆ ಕೂತು ಮಾತಾಡಲು ಅತ್ತೆಯ ಅಣ್ಣ ಇದ್ದರು.

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಬೆಳ್ಳನೆಯ ಉಂಡೆಗಳು ಮೇಲೆ ಕೆಳಗೆ ಹೊರಳುತ್ತಿದ್ದವು. ದೇವರಾಣೆ, ಬಾಂಡ್ಲಿಯಲ್ಲಿ ಗೂಡು ಹೊರಳಿದ ಹಾಗೇ ಇತ್ತು! ಅತ್ತೆ ಬಂದು ಪಾತ್ರೆ ನೋಡಿದರು. ನನ್ನ ಮುಖ ನೋಡಿದರು.

"ನೋಡೇ ಪಿಳ್ಳಿ. ಇದು ಹಿಟ್ಟು. ಗೂಡಲ್ಲ."

"ಗೊತ್ತು ಅತ್ತೆ."

ಮಗನ ಕಡೆ ತಿರುಗಿದರು. "ಅದು ಒರಳು ಕಣಪ್ಪ. ಚರಕ ಅಲ್ಲ."

"ನನಗೆ ಹೇಳ್ಬೇಕಾ ಅಮ್ಮ?" ಎಂದು ಅವರು ನೊಂದುಕೊಂಡರು.

ಗಂಡಿನ ಕಡೆಯವರು ಬಂದರು. ಗಂಡು, ಗಂಡಿನ ಅಪ್ಪ, ಅಶ್ವತ್ಥಮ್ಮ. ಗಂಡು ಗೋಡೆ ನೋಡುತ್ತಾ ಕೂತಿತು. ಅಪ್ಪ ಒಳ್ಳೆಯ ಮನುಷ್ಯ, ಬಾಯಿ ತುಂಬಾ ಎಲೆಅಡಿಕೆ. ಮಾತು ಬಂದಾಗಲೆಲ್ಲ ಎದ್ದು ಹೋಗಿ ಉಗಿದು ಬರುತ್ತಿದ್ದರು, ಬರುವುದರೊಳಗೆ ಮಾತು ಮುಗಿದಿರುತ್ತಿತ್ತು. ಆ ಮನೆಯಲ್ಲಿ ಮಾತು ಅಶ್ವತ್ಥಮ್ಮನವರದೇ. ಹಸಿರು ರೇಷ್ಮೆ ಸೀರೆ, ಒಂದು ಗೇಣು ಜರಿ ಅಂಚು. ನೇರವಾಗಿ ಹಿತ್ತಿಲಿಗೆ ಬಂದರು, ಮನೆ ನೋಡುವುದಕ್ಕೆ.

"ಏನೋ ವಾಸನೆ?" ಎಂದು ಮೂಗು ಅರಳಿಸಿದರು.

"ಹುಳದ ಮನೆ ಪಕ್ಕದಲ್ಲೇ ಐತಲ್ಲಮ್ಮ" ಎಂದರು ಅತ್ತೆ.

"ಏಮಮ್ಮಾ, ಬೆರಳ ತುದಿಗೆ ಮಾತ್ರ ಗೋರಂಟಿ ಹಾಕ್ಕೊಂಡಿದೀಯಾ?" ಎಂದು ನನ್ನನ್ನು ಕೇಳಿದರು.

"ಪಕ್ಕದ ಮನೇಲಿ ಅರೆದಿದ್ದು ಅಷ್ಟೇ ಮಿಕ್ಕಿತ್ತು" ಎಂದೆ. ಹೆದರಿದ್ದೆನಲ್ಲ, ಬುದ್ಧಿ ಚೆನ್ನಾಗಿ ಓಡುತ್ತಿತ್ತು.

ಅವರು ಬಗ್ಗಿ ಪಾತ್ರೆಯೊಳಗೆ ನೋಡಿದರು. ಸೆರಗಿನ ಕುಚ್ಚು ನನ್ನ ಮೂಗಿನ ಮುಂದೆ ತೂಗಾಡಿತು. ಅದರಿಂದ ಒಂದು ಎಳೆ, ಒಳ್ಳೆಯ ಎಳೆ, ಹೊರಗೆ ಬಂದು ಗಾಳಿಗೆ ಆಡುತ್ತಿತ್ತು. ಅತ್ತೆ ಉಸಿರು ಬಿಗಿಹಿಡಿದರು. ಯಜಮಾನರು ಕಣ್ಣು ಮುಚ್ಚಿಕೊಂಡರು. ನನ್ನ ಕೈ? ಅಲ್ಲಾಡಲಿಲ್ಲ! ಒಂದು ಬೆರಳೂ ಅಲ್ಲಾಡಲಿಲ್ಲ! ಅಶ್ವತ್ಥಮ್ಮ ಮುಂದಕ್ಕೆ ಹೋದರು, ಎಳೆಯೂ ಅವರ ಜೊತೆ ಹೋಯಿತು.

ಗೆದ್ದೆ ಎಂದುಕೊಂಡೆ. ಅಂದುಕೊಳ್ಳಬಾರದಾಗಿತ್ತು. ಗೆದ್ದೆ ಎನ್ನುವುದೂ ಒಂದು ಸಂತೋಷವೇ ತಾನೆ. ಒಳಗಿನ ಕಾವಲಿನವನು ಆಗಲೇ ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದಿದ್ದ.

ಒಳಗೆ ಪಡಸಾಲೆಯಲ್ಲಿ ಸರೋಜ ಬಂದು ಕೂತಳು, ನಮಸ್ಕಾರ ಮಾಡಿದಳು, ಎರಡು ಮಾತಾಡಿದಳು. ಒಳಗಿನಿಂದ ನಗು ಕೇಳಿಸಿತು. ಆಮೇಲೆ ಅತ್ತೆ ಓಡಿಬಂದರು. ಆ ಹೆಂಗಸು ಓಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಒಪ್ಪಿದ್ರು ಕಣೇ! ಒಪ್ಪಿದ್ರು! ತಾಂಬೂಲದ ತಟ್ಟೆ ಇಟ್ಟಾಯ್ತು, ನಮ್ಮಣ್ಣ ಪಂಚಾಂಗ ತರೋಕೆ ಅಟ್ಟ ಹತ್ತಿದಾನೆ. ಬಂದ ತಕ್ಷಣ ತಟ್ಟೆ ಬದಲಾಯ್ಸೋದು!" ಎಂದರು. ಅಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಸಂತೋಷ ಅವರಿಗೂ ಆಗಿತ್ತಲ್ಲ, ಅವರ ಬಾಯಿಗೂ ಹಿಡಿತ ತಪ್ಪಿತು. ನನ್ನ ಗಲ್ಲ ಹಿಡಿದು, "ಎಲ್ಲಾ ನಿನ್ನಿಂದ ಕಣವ್ವಾ. ಎಷ್ಟು ಜಾಣೆ ನೀನು! ನಿನ್ನಂಥ ಸೊಸೆ ಯಾರಿಗೂ ಸಿಗಲ್ಲ" ಎಂದುಬಿಟ್ಟರು.

ಮದುವೆಯಾಗಿ ಬಂದ ಮೇಲೆ ಮೊದಲನೇ ಸಲ! ನನಗೆ ಹೇಗಾಗಿರಬೇಡ! ಕಣ್ಣು ತುಂಬಿತು. ಮಂಜಾದ ಕಣ್ಣಿಗೆ ಎದುರಿನ ಪಾತ್ರೆಯಲ್ಲಿ ಕುದಿಯುವ ನೀರು, ಅದರಲ್ಲಿ ಹೊರಳುವ ಬೆಳ್ಳನೆಯ ಉಂಡೆಗಳು ಕಂಡವು.

ಅಷ್ಟೇ. ಕೈ ಹೋಯಿತು.

ಕುದಿಯುವ ನೀರಿನೊಳಗೆ ಬೆರಳು ಆಡಿಸಿ ಉಂಡೆಗಳನ್ನು ಒಂದು ಕಡೆ ಸೇರಿಸಿದೆ. ತುದಿ ಹುಡುಕಿದೆ. ಸಿಗಲಿಲ್ಲ. ಪಕ್ಕದಲ್ಲಿ ಒರಳಿನಿಂದ ಶ್ಯಾವಿಗೆ ಇಳಿಯುತ್ತಿತ್ತಲ್ಲ, ಎಡಗೈ ಅದನ್ನು ಹಿಡಿಯಿತು. ಎಂಥಾ ಎಳೆ! ಉದ್ದಕ್ಕೆ, ಸಮನಾಗಿ, ಒಂದು ಗಂಟಿಲ್ಲ.

"ತಿರುಗಿಸ್ರೀ, ಎಳೆ ಸಿಕ್ತು!" ಎಂದು ಕೂಗಿದೆ.

ನಮ್ಮ ಯಜಮಾನರಿಗೂ ತಂಗಿಯ ಮದುವೆ ಗೊತ್ತಾದ ಸಂತೋಷ. "ಹೂಂ, ಬಿಡು!" ಎಂದು ಹಿಡಿಯನ್ನು ಗರಗರ ತಿರುಗಿಸತೊಡಗಿದರು. ಚರಕದ ಮುಂದೆ ಗುನುಗುವ ಹಾಡನ್ನೂ ಗುನುಗಿದರು.

ಅದೇ ಹೊತ್ತಿಗೆ ಅಶ್ವತ್ಥಮ್ಮ ಕುಂಕುಮದ ಭರಣಿ ಹಿಡಿದು ಬಂದರು. ಬೀಗರಾದೆವಲ್ಲ, ಮನೆಯ ಸೊಸೆಗೆ ಕುಂಕುಮ ಇಡಬೇಕೆಂದು ಬಲಗೈ ಮುಂದೆ ಚಾಚಿದರು. ಕೈತುಂಬ ಗಾಜಿನ ಬಳೆ. ನನಗೆ ಆಗ ಕಂಡದ್ದು ಬೀಗಿತ್ತಿಯಲ್ಲ, ಬಳೆಯಲ್ಲ. ಎಳೆ ತೂರಿಸುವ ತೂತು! ಶ್ಯಾವಿಗೆಯನ್ನು ಹುರಿಮಾಡಿ ಅವರ ಬಳೆಯೊಳಗೆ ತೂರಿಸಿ ಎಳೆದೆ. ಒಂದು ಮುಗಿಯಿತು, ಇನ್ನೊಂದನ್ನು ಎಸೆದು ಹಚ್ಚಿದೆ. ಅದು ಮುಗಿಯಿತು, ಮತ್ತೊಂದು. ಶ್ಯಾವಿಗೆ ಅವರ ಮೊಣಕೈವರೆಗೆ ಸುತ್ತಿಕೊಂಡಿತು. ಆಕೆ ಕುಂಕುಮದ ಭರಣಿ ಹಿಡಿದು ಕಂಬದ ಹಾಗೆ ನಿಂತಿದ್ದರು. ಕಂಬದ ಬಾಯಿ ತೆರೆದಿತ್ತು.

"ಹಚ್ಚು ಹಚ್ಚು, ತೆಳ್ಳಗಾಗ್ತಿದೆ!" ಎಂದರು ನಮ್ಮ ಯಜಮಾನರು.

"ಪಿಳ್ಳೀ!"

ಅತ್ತೆಯ ಕೂಗಿಗೆ ಹುಳದ ಮನೆಯ ತಟ್ಟೆಗಳು ನಡುಗಿರಬೇಕು. ಭಯ ವಾಪಸ್ಸು ಬಂತು, ಭಯದ ಹಿಂದೆಯೇ ಹಿಡಿತವೂ ಬಂತು. ಕೈ ಅಲ್ಲಿಯೇ ನಿಂತಿತು. ಅದರಲ್ಲಿ ಒಂದು ಹಿಟ್ಟಿನ ಉಂಡೆ ಇತ್ತು. ಏನು ಮಾಡಬೇಕೋ ತೋಚದೆ ಅದನ್ನು ಅಶ್ವತ್ಥಮ್ಮನವರ ಕೈಗೆ ಕೊಟ್ಟೆ.

"ಅಮ್ಮಮ್ಮಾ!" ಎಂದು ಆಕೆ ಉಂಡೆಯನ್ನು ನೆಲಕ್ಕೆ ಬಿಟ್ಟರು. "ಇಷ್ಟು ಬಿಸಿಗೆ ಕೈ ಹಾಕಿದಾಳೆ, ಸ್ವಲ್ಪಾನೂ ಸುಟ್ಟಿಲ್ಲ! ಎಳೆ ಹಚ್ಚೋದು ನೋಡಿದ್ರೆ ಗೊತ್ತಾಗಲ್ವಾ? ನೀವು ಹುಳ ಬೇಯಿಸೋರು! ಮೋಸ ಮಾಡಿದ್ರಿ!"

"ನೀವು ಕೇಳ್ಲಿಲ್ಲ" ಎಂದರು ಅತ್ತೆ.

"ಕೇಳ್ದೆ ಹೋದ್ರೆ ಹೇಳ್ಬಾರ್ದಾ? ಪಾಪದ ಮನೆಯಿಂದ ನಾನು ಹೆಣ್ಣು ತರಲ್ಲ!"

ಅತ್ತೆ ಆಕೆಯನ್ನು ಮೇಲಿಂದ ಕೆಳಗೆ ನೋಡಿದರು. "ಹಂಗಾದ್ರೆ ನೀವು ಉಟ್ಟಿರೋ ಈ ಸೀರೆ ಬದನೇಗಿಡದಲ್ಲಿ ಬಿಟ್ಟಿತ್ತೇನಮ್ಮ?"

"ಉಡೋದು ಬೇರೆ. ಬೇಯಿಸೋದು ಬೇರೆ."

ಈ ಮಾತನ್ನು ನಾನು ಈ ಐವತ್ತೆಂಟು ವರ್ಷದಲ್ಲಿ ಬೇಕಾದಷ್ಟು ಸಲ ನೆನೆಸಿಕೊಂಡಿದ್ದೇನೆ. ಎಷ್ಟು ಸುಖವಾದ ಮಾತು! ಅದರೊಳಗೆ ಕಾಲು ಚಾಚಿಕೊಂಡು ಮಲಗಬಹುದು. ಅವತ್ತು ನನ್ನ ನಾಲಿಗೆಯ ತುದಿಗೆ ಒಳ್ಳೆಯ ಉತ್ತರ ಬಂದಿತ್ತು. ಹೇಳಲಿಲ್ಲ. ಸಿಟ್ಟು ಬಂದಿತ್ತಲ್ಲ, ಸಿಟ್ಟಿನಲ್ಲಿ ನನ್ನ ಹಿಡಿತ ಬಲು ಚೆನ್ನಾಗಿರುತ್ತದೆ. ಹೇಳಲೇಬೇಕಾದಾಗ ಬಾಯಿ ನಿಲ್ಲುತ್ತದೆ, ನಿಲ್ಲಲೇಬೇಕಾದಾಗ ಕೈ ಹೋಗುತ್ತದೆ. ಇದು ನನ್ನ ಯೋಗ್ಯತೆ.

ಬಾಗಿಲಲ್ಲಿ ಸರೋಜ ನಿಂತಿದ್ದಳು. ಮುಡಿಗಿಟ್ಟ ಹೂವು ಇನ್ನೂ ಬಾಡಿರಲಿಲ್ಲ, ಮುಖ ಬಾಡಿತ್ತು. "ಅತ್ತಿಗೆ..." ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬರೀ ಅಷ್ಟೇ ಅಂದಳು.

ಅಶ್ವತ್ಥಮ್ಮ ತೋಳಿನಿಂದ ಶ್ಯಾವಿಗೆ ಕಿತ್ತು ಹಾಕುತ್ತಾ ಪಡಸಾಲೆಗೆ ನಡೆದರು. ನಾವೆಲ್ಲ ಹಿಂದೆಯೇ ಓಡಿದೆವು.

"ಏಳ್ರೀ ಮೇಲಕ್ಕೆ! ತಾಂಬೂಲ ಗೀಂಬೂಲ ಏನೂ ಬೇಡ. ತಟ್ಟೆ ಅವರಿಗೇ ಕೊಡಿ, ಹೋಗಣ!" ಎಂದು ಗಂಡನಿಗೆ ಹೇಳಿದರು.

ಗಂಡಿನ ಅಪ್ಪ ಏಳಲಿಲ್ಲ. ತಟ್ಟೆಯ ಮುಂದೆ ಚಕ್ಕಂಬಟ್ಟಲು ಹಾಕಿಕೊಂಡು ಕೂತಿದ್ದರು. ತಟ್ಟೆಯಲ್ಲಿ ತೆಂಗಿನಕಾಯಿ ಇತ್ತು. ಅರಿಶಿನದ ಕೊಂಬು ಇತ್ತು. ವೀಳ್ಯದೆಲೆ ಇರಲಿಲ್ಲ, ಅಡಿಕೆ ಇರಲಿಲ್ಲ. ಅವೆರಡೂ ಅವರ ಎರಡು ಕೆನ್ನೆಗಳಲ್ಲಿದ್ದವು!

ಶಾಸ್ತ್ರದ ತಾಂಬೂಲ! ಎರಡೂ ಕಡೆಯವರು ಎದ್ದುನಿಂತು, ದೇವರನ್ನು ನೆನೆದು, ತಟ್ಟೆ ಬದಲಾಯಿಸಿ, ಆಮೇಲೆ ಬಾಯಿಗೆ ಹಾಕಿಕೊಳ್ಳಬೇಕಾದದ್ದು. ಬಾಯಿಗೆ ಹಾಕಿಕೊಂಡರೆ ಮಾತು ಕೊಟ್ಟ ಹಾಗೆ, ತಿರುಗಿ ಬರುವಂತಿಲ್ಲ. ಪಂಚಾಂಗ ಹಿಡಿದು ಅಟ್ಟದಿಂದ ಇಳಿದ ಅತ್ತೆಯ ಅಣ್ಣ ಮೆಟ್ಟಿಲಲ್ಲೇ ನಿಂತುಬಿಟ್ಟರು.

"ಇದೇನ್ರೀ ಮಾಡಿದ್ರಿ?" ಎಂದರು ಅಶ್ವತ್ಥಮ್ಮ. ದನಿ ಸಣ್ಣಗಾಗಿತ್ತು.

"ಹುಡುಗನಿಗೆ ಹುಡುಗಿ ಒಪ್ಪಿಗೆ ಆಯ್ತಲ್ಲ, ಖುಷಿಯಾಯ್ತು ಕಣೇ" ಎಂದರು ಅವರು, ಗದ್ದ ಮೇಲೆತ್ತಿ, ಬಾಯಿಯ ರಸ ಚೆಲ್ಲದ ಹಾಗೆ. "ತಟ್ಟೆ ಮುಂದಿತ್ತು. ಸುಣ್ಣಾನೂ ಇತ್ತು. ಯಾವಾಗ ಹಾಕ್ಕೊಂಡ್ನೋ ಗೊತ್ತಾಗ್ಲಿಲ್ಲ. ಕೈ ಹೋಯ್ತು."

ಕೈ ಹೋಯ್ತು! ನನಗೆ ಅವರ ಕಾಲಿಗೆ ಬೀಳಬೇಕೆನ್ನಿಸಿತು. ಭೂಮಿಯ ಮೇಲೆ ನಾನೊಬ್ಬಳೇ ಅಲ್ಲ!

"ಉಗೀರಿ!" ಎಂದರು ಅಶ್ವತ್ಥಮ್ಮ.

"ಮದುವೆ ತಾಂಬೂಲಾನ ಉಗಿಯೋದಾ? ಗಂಡು ನನ್ನ ಮಗ ಕಣೇ. ಅಪಶಕುನ" ಎಂದು ಹೇಳಿ, ಬಂದಾಗಿನಿಂದ ಎದ್ದೆದ್ದು ಹೋಗಿ ಉಗಿಯುತ್ತಿದ್ದ ಆ ಮನುಷ್ಯ ಎಲ್ಲರ ಮುಂದೆ ಗುಟುಕ್ಕೆಂದು ನುಂಗಿಬಿಟ್ಟರು.

ಆಗ ಗಂಡು ಮೊದಲ ಸಲ ಗೋಡೆಯಿಂದ ಕಣ್ಣು ತೆಗೆಯಿತು. "ಅಪ್ಪ ನುಂಗಿದ ಮೇಲೆ ಇನ್ನೇನಮ್ಮ?" ಎಂದಿತು. ಸರೋಜಳ ಮುಖ ನೋಡಬೇಕಾಗಿತ್ತು.

ಅತ್ತೆ ಒಂದು ಕ್ಷಣವೂ ತಡಮಾಡಲಿಲ್ಲ. "ತಾಂಬೂಲ ಹೊಟ್ಟೆ ಸೇರಿದ ಮೇಲೆ ನೀವು ನಮ್ಮ ಬೀಗರು. ಕೂತ್ಕೊಳ್ಳಿ, ಶ್ಯಾವಿಗೆ ಆರಿಹೋಗುತ್ತೆ" ಎಂದು ಊಟದೆಲೆ ಹಾಕಿಸಿಬಿಟ್ಟರು.

ಅಶ್ವತ್ಥಮ್ಮ ಎಲೆಯ ಮುಂದೆ ಕೂತರು. ಪಾಪದ ಮನೆ ಎಂದದ್ದನ್ನು ವಾಪಸ್ಸು ತೆಗೆದುಕೊಳ್ಳಲಿಲ್ಲ, ಶ್ಯಾವಿಗೆಯನ್ನು ಮಾತ್ರ ಎರಡು ಸಲ ಹಾಕಿಸಿಕೊಂಡರು. ಕೊನೆಗೆ ಕೈತೊಳೆದು ಒಂದು ಷರತ್ತು ಹಾಕಿದರು: ಮದುವೆ ಅವರ ಊರಿನಲ್ಲಿಯೇ ಆಗಬೇಕು, ಮತ್ತು ಮದುವೆಯ ಮೂರು ದಿನವೂ ಈ ಸೊಸೆ ಅಡುಗೆಯ ಕಡೆ ತಲೆ ಹಾಕಕೂಡದು, ಬಂದರೆ ಕೈಕಟ್ಟಿಕೊಂಡು ಕೂರಬೇಕು. ನಮ್ಮವರೆಲ್ಲ ಆಗಲಿ ಎಂದರು. ಎಲ್ಲರಿಗಿಂತ ಮೊದಲು ಆಗಲಿ ಎಂದವರು, ಒರಳಿನ ಹಿಡಿ ಗರಗರ ತಿರುಗಿಸಿಯೂ ಏನೂ ಮಾಡದವರ ಹಾಗೆ ಮುಖ ಮಾಡಿಕೊಂಡಿದ್ದ ನಮ್ಮ ಯಜಮಾನರು.

ಇಷ್ಟರಲ್ಲಿ ಗೌರಿಬಿದನೂರು ಕಡೆಯ ಕೊನೆಯ ಬಸ್ಸು ಹೋಗಿಬಿಟ್ಟಿತ್ತು. ಬೀಗರು ಅಲ್ಲಿಯೇ ಉಳಿದರು.

ಮರುದಿನ ಬೆಳಿಗ್ಗೆ ಎದ್ದಾಗ ನನಗೆ ಎಷ್ಟು ಸಂತೋಷವಾಗಿತ್ತೆಂದರೆ, ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡೇ ಎದ್ದೆ. ಬೀಗರಿಗೆ ಉಪ್ಪಿಟ್ಟು ಬಡಿಸುವ ಕೆಲಸ ನನಗೇ ಬಂದಿತ್ತು. ಆ ಮನೆಯವರೆಲ್ಲ ಸೊಪ್ಪು ತರಲು ತೋಟಕ್ಕೆ ಹೋಗಿದ್ದರು. ಹುಳಕ್ಕೆ ಬೀಗರೆಂದರೆ ತಿಳಿಯುವುದಿಲ್ಲ, ಹೊತ್ತಿಗೆ ಸೊಪ್ಪು ಬೇಕು. ಅಶ್ವತ್ಥಮ್ಮ ಅದೇ ಸೀರೆಯಲ್ಲಿ ಪಡಸಾಲೆಯಲ್ಲಿ ಕೂತಿದ್ದರು, ಅದೇ ಎಳೆ ಗಾಳಿಗೆ ಆಡುತ್ತಿತ್ತು. ನಾನು ಬಾವಿಕಟ್ಟೆಯ ಹತ್ತಿರ ಮುಖ ತೊಳೆಯುತ್ತಿದ್ದ ಅತ್ತೆಯ ಬಳಿಗೆ ಹೋದೆ.

"ಅತ್ತೆ, ಎರಡು ಬೈಯಿರಿ. ಬಡಿಸೋಕೆ ಹೋಗ್ಬೇಕು."

ಅತ್ತೆಗೆ ಅರ್ಥವಾಯಿತು. ಸೊಂಟಕ್ಕೆ ಕೈಕೊಟ್ಟು ನಿಂತರು. "ನಿನ್ನ ತೌರು ಮನೆಯವರು ಇದಾರಲ್ಲ..." ಎಂದು ಶುರುಮಾಡಿದರು. ಮುಂದಕ್ಕೆ ಬರಲಿಲ್ಲ. ಮಗಳ ಮದುವೆ ಗೊತ್ತಾದ ಹೆಂಗಸು. ಮುಖವೆಲ್ಲ ನಗು. "ಒಳ್ಳೇ ಜನ ಕಣೇ, ಪಾಪ."

"ಅಯ್ಯೋ ಅತ್ತೆ, ಕೆಡಿಸ್ತೀರಿ!" ಎಂದು ಅಲ್ಲಿಂದ ಓಡಿದೆ.

ನೇರವಾಗಿ ಹೋಗಿ ತಟ್ಟೆ ಹಿಡಿದು ಅಶ್ವತ್ಥಮ್ಮನವರ ಮುಂದೆಯೇ ನಿಂತೆ. ಆ ತಾಯಿ ನನ್ನ ನಂಬಿಕೆ ಕೆಡಿಸಲಿಲ್ಲ.

"ಏನೇ ನಿಂತಿದೀಯಾ ಗುಮ್ಮನ ಹಂಗೆ? ಉಪ್ಪಿಟ್ಟಿಗೂ ಚರಕ ಕಟ್ತೀಯೇನು? ನಮ್ಮ ಮನೆ ನಾಯೀನೂ ನಿನಗಿಂತ ಮರ್ಯಾದೆಯಾಗಿರುತ್ತೆ!"

ಆಹಾ! ಕೈ ಕಲ್ಲಾಯಿತು. ಒಂದು ಕಾಳು ಚೆಲ್ಲದ ಹಾಗೆ ಎಲ್ಲರಿಗೂ ಉಪ್ಪಿಟ್ಟು ಬಡಿಸಿದೆ. ಅಶ್ವತ್ಥಮ್ಮನವರಿಗೆ, ಇನ್ನೂ ಸ್ವಲ್ಪ ಬೈಯಲಿ ಎಂದು, ಬೇಡ ಬೇಡವೆಂದರೂ ಮತ್ತೊಂದು ಸಲ ಬಡಿಸಿದೆ.